ಮೂರು ಐಡಿಗಳು, ಮೂರು ದಾರಿಗಳು

ವಿಕಿಪೀಡಿಯ ತನ್ನ ಲೇಖನಗಳನ್ನೆಲ್ಲ ಎಕ್ಸ್‌ಎಂಎಲ್ ಕಡತಗಳಲ್ಲಿ (ಪ್ರತಿ ಮಾಹಿತಿಯನ್ನೂ ಟ್ಯಾಗ್ ಎಂಬ ಹೆಸರಿನ ಗುರುತುಗಳ ನಡುವೆ ಇಡುವ ಕಡತಗಳಲ್ಲಿ) ತುಂಬಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಕನ್ನಡ ವಿಕಿಪೀಡಿಯದ ಕಡತವೂ ಅಲ್ಲಿ ಸಿಗುತ್ತದೆ. ಕನ್ನಡ ಪದಗಳ ಬಳಕೆಯನ್ನು ಎಣಿಸಲು ಹೊರಟವರಿಗೆ ಅದೊಂದು ಒಳ್ಳೆಯ ಕಣಜ. ಆದರೆ ಅದನ್ನು ತೆರೆದ ಕೂಡಲೇ ಒಂದು ತೊಡಕು ಎದುರಾಗುತ್ತದೆ. 'ಐಡಿ' ಎಂಬ ಟ್ಯಾಗ್ ಒಂದೇ ಪುಟದ ವಿವರದೊಳಗೆ ಮೂರು ಸಲ ಬರಬಹುದು: ಪುಟದ ಸಂಖ್ಯೆಯಾಗಿ, ಪರಿಷ್ಕರಣೆಯ ಸಂಖ್ಯೆಯಾಗಿ, ತಿದ್ದಿದ ಸದಸ್ಯರ ಸಂಖ್ಯೆಯಾಗಿ. ಹೆಸರು ಮೂರಕ್ಕೂ ಒಂದೇ. ಯಾವುದು ಯಾವುದೆಂದು ತಿಳಿಸುವುದು ಅವು ಕುಳಿತ ಜಾಗ: ಪೇಜ್/ಐಡಿ, ಪೇಜ್/ರಿವಿಷನ್/ಐಡಿ, ಪೇಜ್/ರಿವಿಷನ್/ಕಾಂಟ್ರಿಬ್ಯೂಟರ್/ಐಡಿ. ಹೀಗೆ ಓರೆಗೆರೆ ಹಾಕಿ ದಾರಿ ಬರೆಯುವ ಕ್ರಮವನ್ನು 1999ರಲ್ಲಿ ಎಕ್ಸ್‌ಪಾತ್ ಎಂಬ ಹೆಸರಿನಲ್ಲಿ ಅಧಿಕೃತಗೊಳಿಸಲಾಯಿತು.

ಒಂದು ಟ್ಯಾಗಿನೊಳಗೆ ಇನ್ನೊಂದು ಕೂರುವುದರಿಂದ ಕಡತವನ್ನು ಮರದಂತೆ ನೋಡಬಹುದು: ಎಲ್ಲಕ್ಕೂ ಹೊರಗಿನದು ಬೇರು, ಹೊರಗಿನದು ತಾಯಿ, ಅದರೊಳಗಿನದು ಮಗು. ಸಣ್ಣ ಕಡತವಾದರೆ ಇಡೀ ಮರವನ್ನು ಮೆಮೊರಿಯಲ್ಲಿ ಕಟ್ಟಿಕೊಂಡು, ಬೇಕಾದ ಎಲಿಮೆಂಟ್‌ನಿಂದ (ಟ್ಯಾಗ್ ಮತ್ತು ಅದರೊಳಗಿರುವುದೆಲ್ಲ ಸೇರಿ ಒಂದು ಎಲಿಮೆಂಟ್) ಬೇರಿನ ಕಡೆಗೆ ನಡೆದರಾಯಿತು. ಇಂಗ್ಲಿಷ್ ವಿಕಿಪೀಡಿಯದ ಕಡತ ಕುಗ್ಗಿಸಿದ ರೂಪದಲ್ಲೇ 20 ಗಿಗಾಬೈಟ್ ಮೀರುತ್ತದೆ. ಅಲ್ಲಿ ಈ ಆಟ ನಡೆಯುವುದಿಲ್ಲ. ಆಗ ಸ್ಯಾಕ್ಸ್ ಎಂಬ ಮಾದರಿಯ ಪಾರ್ಸರ್, ಅಂದರೆ ಕಡತವನ್ನು ಓದಿ ಬಿಡಿಸುವ ತಂತ್ರಾಂಶ, ಬೇಕು. ಅದು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದುತ್ತಾ, 'ಈ ಟ್ಯಾಗ್ ತೆರೆಯಿತು', 'ಈ ಪಠ್ಯ ಬಂತು', 'ಈ ಟ್ಯಾಗ್ ಮುಚ್ಚಿತು' ಎಂದಷ್ಟೇ ತಿಳಿಸುತ್ತದೆ. ಈಗ ಎಲ್ಲಿದ್ದೇವೆ ಎಂಬ ಲೆಕ್ಕ ನಮ್ಮದು.

ಎಕ್ಸ್‌ಎಂಎಲ್‌ನ ಒಂದು ಕಟ್ಟುನಿಟ್ಟು ನಿಯಮ ಇಲ್ಲಿ ಕೈಹಿಡಿಯುತ್ತದೆ: ಕೊನೆಗೆ ತೆರೆದ ಟ್ಯಾಗೇ ಮೊದಲು ಮುಚ್ಚಬೇಕು. ಹಾಗಾಗಿ ಒಂದು ಸ್ಟ್ಯಾಕ್, ಅಂದರೆ ಮೇಲಿನಿಂದಲೇ ಇಡುವ, ಮೇಲಿನಿಂದಲೇ ತೆಗೆಯುವ ಪೇರಿಕೆ, ಸಾಕು. ಟ್ಯಾಗ್ ತೆರೆದಾಗ ಹೆಸರನ್ನು ಮೇಲೆ ಪೇರಿಸುವುದು, ಮುಚ್ಚಿದಾಗ ಮೇಲಿನದನ್ನು ತೆಗೆಯುವುದು. ಕೆಳಗಿನಿಂದ ಮೇಲಕ್ಕೆ ಓದಿದರೆ ಅದೇ ದಾರಿ. ಕಡತ ಎಷ್ಟೇ ಉದ್ದವಿರಲಿ, ಸ್ಟ್ಯಾಕ್ ಬೆಳೆಯುವುದು ಮರದ ಆಳದಷ್ಟು ಮಾತ್ರ. ನನಗೆ ಈ ಉಪಾಯದಲ್ಲಿ ಅತ್ಯಂತ ಇಷ್ಟವಾಗುವುದು ಇದೇ. 'ರಿವಿಷನ್ ಒಳಗಿದ್ದೇನೆಯೇ', 'ಕಾಂಟ್ರಿಬ್ಯೂಟರ್ ಒಳಗಿದ್ದೇನೆಯೇ' ಎಂದು ಒಂದೊಂದಕ್ಕೂ ಗುರುತು ಇಟ್ಟುಕೊಳ್ಳುತ್ತಾ ಹೋದರೆ ಕೋಡ್ ಬೇಗ ಗೋಜಲಾಗುತ್ತದೆ.

ಕೆಲವು ಕಡೆ ಎಚ್ಚರ ಬೇಕು. ಸ್ಯಾಕ್ಸ್‌ನಲ್ಲಿ ಖಾಲಿ ಟ್ಯಾಗಿಗೂ ತೆರೆದ, ಮುಚ್ಚಿದ ಸುದ್ದಿಗಳೆರಡೂ ಬರುತ್ತವೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿರುವ ಎಕ್ಸ್‌ಎಂಎಲ್‌ರೀಡರ್ ಎಂಬ ಪಾರ್ಸರ್‌ನಲ್ಲಿ, ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಟ್ಯಾಗಿಗೆ ಮುಚ್ಚಿದ ಸುದ್ದಿ ಬರುವುದೇ ಇಲ್ಲ. ಅದನ್ನು ಗಮನಿಸದಿದ್ದರೆ ಆ ಹೆಸರು ಸ್ಟ್ಯಾಕ್‌ನಲ್ಲೇ ಉಳಿದು, ಮುಂದಿನ ದಾರಿಗಳೆಲ್ಲ ಕೆಡುತ್ತವೆ. ಪೈಥಾನ್ ಭಾಷೆಯ ಎಲಿಮೆಂಟ್‌ಟ್ರೀ ಎಂಬ ಸಾಧನ, ಟ್ಯಾಗಿನ ಹೆಸರಿನ ಮುಂದೆ ನೇಮ್‌ಸ್ಪೇಸ್‌ನ (ಆ ಹೆಸರು ಯಾವ ಗುಂಪಿಗೆ ಸೇರಿದ್ದೆಂದು ಹೇಳುವ ಗುರುತಿನ) ಪೂರ್ತಿ ವಿಳಾಸವನ್ನು ಅಂಟಿಸುತ್ತದೆ. ವಿಕಿಪೀಡಿಯ ಕಡತದ ಆ ವಿಳಾಸದಲ್ಲೂ ಓರೆಗೆರೆಗಳಿವೆ. ದಾರಿಯನ್ನು ಓರೆಗೆರೆಯಲ್ಲಿ ಸೇರಿಸಿಟ್ಟು ಆಮೇಲೆ ಬಿಡಿಸಲು ಹೋದರೆ ಅದು ಅಡ್ಡಾದಿಡ್ಡಿಯಾಗಿ ಒಡೆಯುತ್ತದೆ. ಹೆಸರುಗಳನ್ನು ಪಟ್ಟಿಯಾಗಿಯೇ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಕ್ರಮಸಂಖ್ಯೆ. ಸಾವಿರಾರು ಪೇಜ್‌ಗಳಲ್ಲಿ ಇದು ಎಷ್ಟನೆಯದು? ಸ್ಟ್ಯಾಕ್‌ನ ಪ್ರತಿ ಹಂತದಲ್ಲೂ ಒಂದು ಎಣಿಕೆ ಪಟ್ಟಿ ಇಟ್ಟು, ಮಗುವೊಂದು ತೆರೆದಾಗಲೆಲ್ಲ ಅದರ ಹೆಸರಿನ ಲೆಕ್ಕಕ್ಕೆ ಒಂದು ಕೂಡಿಸಬೇಕು. ತಾಯಿ ಮುಚ್ಚಿದಾಗ ಪಟ್ಟಿಯನ್ನೂ ಬಿಸಾಡಬೇಕು. ಆಗ ಪೇಜ್[3]/ರಿವಿಷನ್[1]/ಐಡಿ[1] ಎಂಬ ಖಚಿತ ದಾರಿ ಸಿಗುತ್ತದೆ. ಒಂದೇ ಮಗುವಿರುವಾಗ [1] ಬೇಕೇ? ಇಡೀ ಮರ ಕಣ್ಣೆದುರಿದ್ದರೆ ಬಿಡಬಹುದು. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿ ಬಿಟ್ಟೇ ಬರೆಯುತ್ತದೆ. ಆದರೆ ಮುಂದಕ್ಕಷ್ಟೇ ಓದುವ ಪಾರ್ಸರ್‌ಗೆ, ಮೊದಲ ಮಗು ಬಂದಾಗ, ಅದೇ ಹೆಸರಿನ ಎರಡನೆಯದು ಮುಂದಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಅಲ್ಲಿ [1] ಅನ್ನು ಯಾವಾಗಲೂ ಬರೆಯಬೇಕು. ಎರಡು ಬರವಣಿಗೆಗಳೂ ತೋರಿಸುವುದು ಅದೇ ಎಲಿಮೆಂಟನ್ನು, ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಬೇರೆಬೇರೆ. ಎರಡು ಸಾಧನಗಳಿಂದ ಬಂದ ದಾರಿಗಳನ್ನು ತಾಳೆ ನೋಡುವ ಮೊದಲು ಅವನ್ನು ಒಂದೇ ರೂಪಕ್ಕೆ ತರಬೇಕು.