ಗಾಯಕ್ಕೆ ಹಿಂಡಿದ ಸೊಪ್ಪು, ಬುಟ್ಟಿಯಲ್ಲಿ ಉಳಿದ ಸಿಪ್ಪೆ

ಕಾರವಾರದ ಮೀನು ಪೇಟೆಯಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಎಡಗೈಯಲ್ಲಿ ಮೈ, ಬಲಗೈಯಲ್ಲಿ ತಲೆ, ಒಂದು ತಿರುವು. ಹೆಬ್ಬೆರಳು ಹೊಟ್ಟೆಯ ಕಡೆಯಿಂದ ಸಿಪ್ಪೆ ಬಿಡಿಸುತ್ತದೆ. ಬೆನ್ನಿನ ಕಪ್ಪು ನರ ಎಳೆದು ತೆಗೆದರೆ ಮುಗಿಯಿತು. ಶೆಟ್ಲಿಯ ನೆತ್ತಿಯ ಮೇಲೆ ಗರಗಸದ ಹಲ್ಲಿನಂಥ ಒಂದು ಮುಳ್ಳಿದೆ. ದಿನಕ್ಕೆ ನಾಲ್ಕು ಸಲವಾದರೂ ಅದು ಬೆರಳಿಗೆ ಚುಚ್ಚುತ್ತದೆ. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಮಾತಾಡುತ್ತಾ ಕೂತಿದ್ದ ಅಕ್ಕನಿಗೂ ಚುಚ್ಚಿತು. ಅವರು ಕೈ ತೊಳೆದರು. ಪಕ್ಕದ ಪೊಟ್ಟಣದಿಂದ ಚಿಟಿಕೆ ಅರಿಶಿಣ ತೆಗೆದು ಒತ್ತಿದರು. ಹಳೇ ಸೀರೆಯ ಚೂರು ಸುತ್ತಿಕೊಂಡು ಮುಂದಿನ ಶೆಟ್ಲಿ ಎತ್ತಿಕೊಂಡರು. ಎಡಗಡೆ ಸಿಪ್ಪೆಯ ಬುಟ್ಟಿ ತುಂಬುತ್ತಲೇ ಇತ್ತು. ಸ್ವಲ್ಪ ತೆಂಗಿನ ಬುಡಕ್ಕೆ, ಉಳಿದದ್ದು ಕಸಕ್ಕೆ.

ಆ ಚಿಟಿಕೆ ಅರಿಶಿಣದ ಬಗ್ಗೆ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ದೊಡ್ಡ ಜಗಳವೇ ನಡೆದಿದೆ. ಆ ಬುಟ್ಟಿಯಲ್ಲಿದ್ದಂಥ ಸಿಪ್ಪೆಯಿಂದ ಯುದ್ಧದಲ್ಲಿ ರಕ್ತ ನಿಲ್ಲಿಸುವ ಪಟ್ಟಿ ತಯಾರಾಗುತ್ತದೆ. ಎರಡೂ ಲ್ಯಾಬ್ ಹೊಕ್ಕು ಬಂದವು. ಆದರೆ ಆ ಅಕ್ಕನ ಬೆರಳಿನ ತನಕ ಲ್ಯಾಬಿನಿಂದ ಏನೂ ಬಂದಿಲ್ಲ. ಗಿಡ ಮತ್ತು ಕಡಲಿನ ಸಾರಗಳನ್ನು ಗಾಯಕ್ಕೆ ಪರೀಕ್ಷಿಸುವ ಕೆಲಸ ಎಲ್ಲಿಂದ ಹೊರಟು ಎಲ್ಲಿ ಬಂದು ನಿಂತಿದೆ ಅಂತ ನೋಡೋಣ.

ಮೊದಲ ಪರೀಕ್ಷೆ ನಡೆದದ್ದು ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳುಗಳನ್ನು ನೋಡಿದವರಿಗೆ ಇದು ಗೊತ್ತು. ಕತ್ತಿ ತಾಗಿದ ಕೂಡಲೇ ಯಾರೋ ಎದ್ದು ಬೇಲಿಯ ಹತ್ತಿರ ಹೋಗುತ್ತಾರೆ. ನಾಲ್ಕು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಹಸಿರು ರಸವನ್ನು ಗಾಯಕ್ಕೆ ಹಿಂಡುತ್ತಾರೆ. ಚುರ್ ಅನ್ನುತ್ತದೆ, ರಕ್ತ ನಿಲ್ಲುತ್ತದೆ. ಆ ಎಲೆ ಬಹಳ ಸಲ ಯುಪಟೋರಿಯಂ ಗಿಡದ್ದು. ಕಮ್ಯುನಿಸ್ಟ್ ಗಿಡ ಅಂತಲೂ ಕರೆಯುತ್ತಾರೆ.

ಈ ಗಿಡದ ಕಥೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಇದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶ. ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಆಮೇಲೆ ಕಳೆಯಾಗಿ ಘಟ್ಟವನ್ನೆಲ್ಲ ಆವರಿಸಿತು. ಚರಕ, ಸುಶ್ರುತರ ಕಾಲದಲ್ಲಿ ಇಲ್ಲಿ ಈ ಗಿಡವೇ ಇರಲಿಲ್ಲ. ಅಂದರೆ ಗಾಯಕ್ಕೆ ಇದನ್ನು ಹಿಂಡಬಹುದು ಅನ್ನೋದನ್ನು ಜನ ಕೆಲವೇ ತಲೆಮಾರುಗಳಲ್ಲಿ ತಾವೇ ಕಲಿತರು. ಯಾರೋ ಒಬ್ಬರು ಮೊದಲು ಹಿಂಡಿ ನೋಡಿರಬೇಕು, ಪಕ್ಕದವರು ನೋಡಿ ಕಲಿತಿರಬೇಕು. ನಾವು 'ಪರಂಪರೆ' ಅಂದ ಕೂಡಲೇ ಸಾವಿರ ವರ್ಷದ ಲೆಕ್ಕ ಹೇಳುತ್ತೇವೆ. ಜನರ ಅರಿವು ಹಾಗೆ ಹೆಪ್ಪುಗಟ್ಟಿ ಕೂತಿಲ್ಲ, ಹೊಸ ಗಿಡ ಬಂದರೆ ಅದನ್ನೂ ಪರೀಕ್ಷಿಸುತ್ತದೆ. ವಿಯೆಟ್ನಾಮಿನಲ್ಲೂ ಇದೇ ಗಿಡದ ಎಲೆಯನ್ನು ಗಾಯಕ್ಕೆ ಬಳಸುತ್ತಿದ್ದರು. ಅಲ್ಲಿನ ವೈದ್ಯರು ಅದರ ಸಾರ ತೆಗೆದು, ಚರ್ಮದ ಜೀವಕೋಶಗಳ ಮೇಲೆ ಪರೀಕ್ಷಿಸಿ, ಸುಟ್ಟ ಗಾಯಗಳಿಗೆ ಔಷಧಿಯಾಗಿಯೇ ಬಳಕೆಗೆ ತಂದರು. ನಮ್ಮಲ್ಲಿ ಅದು ಇನ್ನೂ ಬೇಲಿಯಲ್ಲೇ ಇದೆ.

ಪುಸ್ತಕಕ್ಕೆ ಬಂದ ಅರಿವಿನ ದಾರಿ ಬೇರೆ. ಸುಶ್ರುತ ಸಂಹಿತೆಯಲ್ಲಿ ಗಾಯದ ಚಿಕಿತ್ಸೆಗೆ 60 ಬಗೆಯ ಕ್ರಮಗಳಿವೆ. ತೊಳೆಯುವುದು, ಕಟ್ಟುವುದು, ಹೊಗೆ ಕೊಡುವುದು, ಜೇನು ತುಪ್ಪ ಹಚ್ಚುವುದು, ಕೊನೆಗೆ ಗಾಯದ ಮೇಲೆ ಕೂದಲು ಬರಿಸುವುದರ ತನಕ. 1563ರಲ್ಲಿ ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ ಈ ಕಡೆಯ ಔಷಧಿ ವಸ್ತುಗಳ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ್ದು ಗೋವೆಯಲ್ಲಿ, ಕಾರವಾರದ ಮಗ್ಗುಲಲ್ಲೇ. ಅದಾಗಿ ನೂರು ವರ್ಷದ ಮೇಲೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 'ಹೊರ್ಟಸ್ ಮಲಬಾರಿಕಸ್' ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ, 700ಕ್ಕೂ ಹೆಚ್ಚು ಗಿಡ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೆಲವೇ ಪುಟಗಳು. ಮಾಹಿತಿ ಕೊಟ್ಟ ವೈದ್ಯರ ಹೆಸರುಗಳು ಅಲ್ಲಿವೆ. ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯರು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು 1675ರಲ್ಲಿ ಬರೆದುಕೊಟ್ಟ ಹೇಳಿಕೆ ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ ಹಾಗೇ ಅಚ್ಚಾಗಿದೆ. ಕಾರವಾರದ ಪೇಟೆಯಲ್ಲಿ ಇವತ್ತೂ ಕೇಳುವ ಭಾಷೆ ಅದು. 350 ವರ್ಷಗಳ ಹಿಂದೆ ಒಬ್ಬ ಪರದೇಶಿ ಅಧಿಕಾರಿ ಮಾಹಿತಿ ಕೊಟ್ಟವರ ಹೆಸರು ಹಾಕಿದ. ಆಮೇಲೆ ಬಂದ ಎಷ್ಟೋ ಪುಸ್ತಕ, ವರದಿಗಳಲ್ಲಿ ಆ ಹೆಸರುಗಳ ಜಾಗಕ್ಕೆ 'ಸ್ಥಳೀಯರು' ಅನ್ನೋ ಒಂದೇ ಪದ ಬಂದು ಕೂತಿತು. ಬ್ರಿಟಿಷರ ಕಾಲದಲ್ಲಿ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ 1801ರಲ್ಲಿ ಈ ಸೀಮೆ ಸುತ್ತಿದ. ನಂತರ ಅರಣ್ಯಾಧಿಕಾರಿ ಟಾಲ್ಬಟ್ ಬಾಂಬೆ ಪ್ರಾಂತ್ಯದ ಕಾಡಿನ ಗಿಡಗಳನ್ನೆಲ್ಲ ಪಟ್ಟಿ ಮಾಡಿದ. ಆಗ ಉತ್ತರ ಕನ್ನಡವೂ ಅದೇ ಪ್ರಾಂತ್ಯದಲ್ಲಿತ್ತು. ಗಿಡಗಳಿಗೆ ಲ್ಯಾಟಿನ್ ಹೆಸರು ಸಿಕ್ಕಿತು.

ಇದು ಯಾರದ್ದು ಅನ್ನೋ ಪ್ರಶ್ನೆ ಜೋರಾಗಿ ಎದ್ದದ್ದು ಅರಿಶಿಣದಿಂದ. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 5,401,504. ವಿಷಯ, ಗಾಯ ಮಾಯಿಸಲು ಅರಿಶಿಣದ ಬಳಕೆ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ರಘುನಾಥ ಮಾಶೇಲ್ಕರ್. ನಮ್ಮಜ್ಜಿಗೆ ಗೊತ್ತಿತ್ತು ಅಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ, ಬರಹದ ಸಾಕ್ಷಿ ಬೇಕು. ಸಂಸ್ಕೃತ, ಉರ್ದು, ಹಿಂದಿ ಸೇರಿ 32 ದಾಖಲೆ ಹುಡುಕಿ ಕೊಟ್ಟರು. ಅದರಲ್ಲಿ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಬಿದ್ದುಹೋಯಿತು. ಇದರ ಬೆನ್ನಿಗೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಹುಟ್ಟಿತು, 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು.

ಅರಿಶಿಣ ಗೆದ್ದದ್ದು ಅದು ಬರಹದಲ್ಲಿ ಇತ್ತು ಅನ್ನೋ ಕಾರಣಕ್ಕೆ. ಉತ್ತರ ಕನ್ನಡದ ಹಾಲಕ್ಕಿ, ಕುಣಬಿ, ಸಿದ್ದಿ ಸಮುದಾಯಗಳ ಬಾಯಲ್ಲಿ ಮಾತ್ರ ಇರುವ ಗಿಡಗಳಿಗೆ ಆ ರಕ್ಷಣೆ ಎಲ್ಲಿದೆ? ಅದಕ್ಕೇ ನಮ್ಮ ಜಿಲ್ಲೆಯಲ್ಲಿ ನಡೆದ ದಾಖಲೆ ಕೆಲಸವನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ಉತ್ತರ ಕನ್ನಡದ ಸಿದ್ದಿಗಳ ಔಷಧಿ ಗಿಡಗಳ ಅಧ್ಯಯನ 1995ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ಅದೇ ಪತ್ರಿಕೆಯಲ್ಲಿ ಜಿಲ್ಲೆಯ ಚರ್ಮರೋಗದ ಗಿಡಗಳ ಬಗ್ಗೆ 2003ರಲ್ಲಿ, ಬರೀ ಗಾಯಕ್ಕೆ ಬಳಸುವ ಗಿಡಗಳ ಬಗ್ಗೆ 2012ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಬರೆದರು. ಗಾಯಕ್ಕೇ ಒಂದು ಪ್ರತ್ಯೇಕ ಅಧ್ಯಯನ ಮಾಡುವಷ್ಟು ಗಿಡಗಳು ಒಂದೇ ಜಿಲ್ಲೆಯಲ್ಲಿವೆ! 2016ರಲ್ಲಿ ಸೀಸಾಲ್ಪಿನಿಯಾ ಮಿಮೊಸಾಯ್ಡಿಸ್ ಎಂಬ ಮುಳ್ಳಿನ ಬಳ್ಳಿಯ ಗಾಯ ಮಾಯಿಸುವ ಗುಣವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ವರದಿಯೂ ಬಂತು. ಊರಿನ ಮಾತಿನಿಂದ ಪಟ್ಟಿಗೆ, ಪಟ್ಟಿಯಿಂದ ಪರೀಕ್ಷೆಗೆ. ಕೆಲಸ ಸಾಗಬೇಕಾದ ದಾರಿಯೇ ಇದು.

ಪರೀಕ್ಷೆ ಅಂದರೆ ಏನು ಮಾಡುತ್ತಾರೆ? ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಆಲ್ಕೋಹಾಲಿನಲ್ಲೋ ನೀರಿನಲ್ಲೋ ಸಾರ ಇಳಿಸಿ, ಆವಿ ಮಾಡಿ ಗಟ್ಟಿ ಮಾಡುತ್ತಾರೆ. ಮೊದಲು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಸಾರ ಹಾಕಿ ಸುತ್ತ ಎಷ್ಟು ಜಾಗ ಖಾಲಿಯಾಯಿತು ಅಂತ ಅಳೆಯುತ್ತಾರೆ. ಆಮೇಲೆ ಚರ್ಮದ ಜೀವಕೋಶಗಳ ಒಂದು ಪದರದ ಮೇಲೆ ಗೀರು ಎಳೆದು, ಅದು ಎಷ್ಟು ಬೇಗ ಕೂಡಿಕೊಳ್ಳುತ್ತದೆ ಅಂತ ನೋಡುತ್ತಾರೆ. ಕೊನೆಗೆ ಇಲಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಅರಿವಳಿಕೆ ಕೊಟ್ಟು, ಬೆನ್ನಿನ ಮೇಲೆ ಸಣ್ಣ ಗಾಯ ಮಾಡಿ ಮುಲಾಮು ಹಚ್ಚುತ್ತಾರೆ. ಕೆಲವು ದಿನಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚು ಬರೆದುಕೊಂಡು, ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸುತ್ತಾರೆ. ಕೂಡಿಕೊಂಡ ಚರ್ಮ ಎಷ್ಟು ಎಳೆದರೆ ಬಿಡುತ್ತದೆ, ಅದರಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಷ್ಟಿದೆ ಅಂತಲೂ ನೋಡುತ್ತಾರೆ. ಇದು ಜಾಸ್ತಿ ಇದ್ದರೆ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೊಸದಾಗಿ ಜಾಸ್ತಿ ಕಟ್ಟಿದೆ ಅಂತ ಅರ್ಥ.

ಇಲ್ಲಿ ಎರಡು ತೊಡಕುಗಳಿವೆ. ಇಲಿಯ ಚರ್ಮದ ಕೆಳಗೆ ತೆಳ್ಳಗಿನ ಸ್ನಾಯು ಪದರ ಇದೆ. ಅದು ಗಾಯವನ್ನು ಚೀಲದ ಬಾಯಿ ಎಳೆದ ಹಾಗೆ ಎಳೆದು ಮುಚ್ಚುತ್ತದೆ. ನಮ್ಮಲ್ಲಿ ಹಾಗಲ್ಲ, ಹೊಸ ಚರ್ಮ ಅಂಚಿನಿಂದ ನಿಧಾನವಾಗಿ ಹಬ್ಬಬೇಕು. ಅದೂ ಅಲ್ಲದೆ ಆರೋಗ್ಯವಾಗಿರುವ ಇಲಿಯ ಗಾಯ ಏನೂ ಹಚ್ಚದಿದ್ದರೂ ಮಾಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ಇದು ಎಷ್ಟು ಉತ್ತರ ಕೊಡುತ್ತದೆ? ಎರಡನೆಯದು ಇನ್ನೂ ಸರಳ. ಊರಿನವರು ಹಿಂಡುವುದು ಹಸಿ ಎಲೆಯ ರಸ, ಲ್ಯಾಬಿನವರು ಪರೀಕ್ಷಿಸುವುದು ಒಣ ಎಲೆಯ ಆಲ್ಕೋಹಾಲ್ ಸಾರ. ಎರಡರಲ್ಲಿ ಇರುವ ವಸ್ತುಗಳೇ ಬೇರೆ ಇರಬಹುದು. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಗೆದ್ದರೂ ಸೋತರೂ ಊರಿನ ಪದ್ಧತಿಯ ಮೇಲೆ ತೀರ್ಪು ಕೊಟ್ಟ ಹಾಗಾಗುವುದಿಲ್ಲ.

ಹಸಿ ಎಲೆ ಕಟ್ಟುವುದರ ಹಿಂದೆ ಇನ್ನೊಂದು ವಿಷಯ ಇದೆ. ಗಾಯ ಒಣಗಬೇಕು, ಗಾಳಿ ಆಡಬೇಕು ಅಂತಲೇ ವೈದ್ಯರೂ ಬಹಳ ಕಾಲ ನಂಬಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ, ಪಾಲಿಥೀನ್ ಮುಚ್ಚಿ ತೇವ ಇಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬರುತ್ತದೆ ಅಂತ ತೋರಿಸಿದರು. ಇವತ್ತಿನ ಗಾಯದ ಪಟ್ಟಿಗಳ ತಳಹದಿ ಇದು. ನಮ್ಮ ಕಡೆ ಒಡೆದ ಹಿಮ್ಮಡಿಗೆ ರಾತ್ರಿ ಮುರುಗಲ (ಕೋಕಂ) ಬೀಜದ ತುಪ್ಪ ಕಾಯಿಸಿ ಹಚ್ಚುವುದೂ ತೇವ ಹಿಡಿದಿಡುವ ಕೆಲಸವೇ ಅಲ್ವಾ?

ಕಡಲು ಈ ಕಥೆಗೆ ಬಂದದ್ದು ತಡವಾಗಿ. ಕಂದು ಬಣ್ಣದ ಕಡಲ ಪಾಚಿಯಿಂದ ಆಲ್ಜಿನೇಟ್ ಎಂಬ ಅಂಟು ವಸ್ತುವನ್ನು 1881ರಲ್ಲಿ ಸ್ಟ್ಯಾನ್‌ಫೋರ್ಡ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಬೇರ್ಪಡಿಸಿದ. ಈಗ ಅದರ ಪಟ್ಟಿಗಳು ಆಸ್ಪತ್ರೆಗಳಲ್ಲಿ ಸಾಮಾನ್ಯ. ಪಟ್ಟಿಯಲ್ಲಿರುವ ಕ್ಯಾಲ್ಸಿಯಂ, ಗಾಯದ ನೀರಿನಲ್ಲಿರುವ ಸೋಡಿಯಂ ಜೊತೆ ಜಾಗ ಬದಲಿಸಿಕೊಂಡಾಗ ಪಟ್ಟಿ ಲೋಳೆಯಾಗುತ್ತದೆ. ಕೀವು ನೀರು ಹೀರುತ್ತದೆ, ತೇವ ಉಳಿಸುತ್ತದೆ. ಕಾರವಾರದ ಬಂಡೆಗಳ ಮೇಲೆ ಇಳಿತದ ಹೊತ್ತಿಗೆ ಕಾಣುವ ಸರ್ಗಾಸಮ್ ಕೂಡ ಇದೇ ಕಂದು ಪಾಚಿಯ ಬಳಗದ್ದು.

ಶೆಟ್ಲಿ ಸಿಪ್ಪೆಯಲ್ಲಿರುವುದು ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು. ಇದನ್ನು 1811ರಲ್ಲಿ ಮೊದಲು ಗುರುತಿಸಿದ್ದು ಅಣಬೆಯಲ್ಲಿ. 1859ರಲ್ಲಿ ಅದನ್ನು ಕ್ಷಾರದಲ್ಲಿ ಕುದಿಸಿದಾಗ ಕೈಟೋಸಾನ್ ಸಿಕ್ಕಿತು. ಮಾಡುವ ಕ್ರಮ ಈಗಲೂ ಹೆಚ್ಚುಕಮ್ಮಿ ಹಾಗೇ ಇದೆ. ಆಮ್ಲದಲ್ಲಿ ಅದ್ದಿ ಸುಣ್ಣದ ಅಂಶ ತೆಗೆಯಬೇಕು, ಕ್ಷಾರದಲ್ಲಿ ಪ್ರೋಟೀನ್ ತೆಗೆಯಬೇಕು, ಆಮೇಲೆ ಗಟ್ಟಿ ಕ್ಷಾರದಲ್ಲಿ ಬಿಸಿ ಮಾಡಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೇಶದಲ್ಲಿ ಇದರ ತಂತ್ರಜ್ಞಾನ ರೂಪಿಸಿದೆ. ಕೈಟೋಸಾನಿಗೆ ಧನ ವಿದ್ಯುದಂಶ, ರಕ್ತಕಣಗಳ ಮೈಗೆ ಋಣ ವಿದ್ಯುದಂಶ. ಎರಡೂ ಅಂಟಿಕೊಂಡು ಗಡ್ಡೆ ಕಟ್ಟುತ್ತವೆ, ರಕ್ತ ನಿಲ್ಲುತ್ತದೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಸೈನಿಕರ ಚೀಲಕ್ಕೆ ಇದರ ಪಟ್ಟಿ ಸೇರಿತು. ಐಸ್‌ಲ್ಯಾಂಡಿನವರು ಕಾಡ್ ಮೀನಿನ ಚರ್ಮವನ್ನೇ ಗಾಯದ ಹೊದಿಕೆ ಮಾಡಿದರು, ಬ್ರೆಜಿಲ್‌ನವರು ತಿಲಾಪಿಯಾ ಚರ್ಮವನ್ನು ಸುಟ್ಟ ಗಾಯಕ್ಕೆ ಹಾಕಿ ನೋಡಿದರು. ಅಲ್ಲೆಲ್ಲ ಮೀನಿನ ಕಸ ಆಸ್ಪತ್ರೆಯ ತನಕ ಹೋಯಿತು.

ಹಾಗೆ ಪೂರ್ತಿ ದಾರಿ ನಡೆದ ಗಿಡವೂ ಒಂದಿದೆ, ಅದು ನಮ್ಮ ಒಂದೆಲಗ. ಶಿರಸಿಯ ಮನೆಗಳಲ್ಲಿ ತಂಬುಳಿಗೆ ಬೀಳುವ ಇದೇ ಸೊಪ್ಪಿನಿಂದ 1940ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ಏಷಿಯಾಟಿಕೋಸೈಡ್ ಎಂಬ ಗಾಯ ಮಾಯಿಸುವ ವಸ್ತುವನ್ನು ಬೇರ್ಪಡಿಸಿದರು. ಅದು ಫ್ರಾನ್ಸಿನಲ್ಲಿ ಮುಲಾಮಾಗಿ ಅಂಗಡಿಗೆ ಬಂತು. ಅಷ್ಟೇ ಸಾರ, ಅಷ್ಟೇ ಪ್ರಮಾಣ, ಪ್ರತಿ ಟ್ಯೂಬಿನಲ್ಲೂ.

ಮನೆಮದ್ದಿನ ಮೇಲೆ ನನಗೆ ಪ್ರೀತಿ ಇದೆ. ಹಾಗಂತ ಗಾಯಕ್ಕೆ ಸಗಣಿ, ಮಣ್ಣು, ತಂಬಾಕು ಹಚ್ಚುವುದನ್ನು ಒಪ್ಪಲು ಆಗುವುದಿಲ್ಲ. ಧನುರ್ವಾಯು ಬರುವುದು ಹಾಗೇ. ಅಳಿವೆಯ ನೀರಿನಲ್ಲಿ ಬಳಚು, ನೀಲಿಕಲ್ಲು ಎಂಬ ಚಿಪ್ಪುಮೀನು ತೆಗೆಯುವಾಗ ಆದ ಗಾಯದೊಳಗೆ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇದ್ದವರಿಗೆ, ಒಂದೆರಡು ದಿನದಲ್ಲಿ ಜೀವಕ್ಕೇ ಬರಬಹುದು. ಗಾಯದ ಸುತ್ತ ಊದಿ, ಕೆಂಪಾಗಿ, ಜ್ವರ ಬಂದರೆ ಸೊಪ್ಪು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಯಾವ ಸೊಪ್ಪು ಎಲ್ಲಿಯವರೆಗೆ ಸಾಕು, ಎಲ್ಲಿಂದ ಸಾಲದು ಅಂತ ತಿಳಿಯಲಿಕ್ಕೇ ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ಬೇಕಾಗಿರೋದು.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅದೇ ಊರಿನಲ್ಲಿ ವೈದ್ಯಕೀಯ ಕಾಲೇಜಿದೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಬೇಕಾಗುವ ಸಾಮಾನು ದೊಡ್ಡದೇನಲ್ಲ. ಒಂದೇ ಗುಣಮಟ್ಟದ ಮುಲಾಮು, ನೈತಿಕ ಸಮಿತಿಯ ಒಪ್ಪಿಗೆ, ಗಾಯ ಆದವರ ಒಪ್ಪಿಗೆ, ವಾರಕ್ಕೊಮ್ಮೆ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ, ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಜೊತೆಗೆ, ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಆ ಗಿಡ ತೋರಿಸಿದವರಿಗೆ ಇಷ್ಟವಿದ್ದರೆ ಅವರ ಹೆಸರು. 1675ರಲ್ಲಿ ಆದದ್ದು ಈಗ ಯಾಕೆ ಆಗಬಾರದು?

ಹೊರಡುವ ಮುಂಚೆ ಆ ಅಕ್ಕನನ್ನು ಕೇಳಿದೆ, ಬೆರಳು ಪೂರ್ತಿ ಮಾಯುವುದು ಯಾವಾಗ ಅಂತ. ಬಂದ್ ಶುರುವಾದ ಮೇಲೆ ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಶೆಟ್ಲಿ ಕಡಿಮೆ. ಆ ಎರಡು ತಿಂಗಳು ಬೆರಳಿಗೆ ರಜೆ. ಆಗಸ್ಟ್‌ನಲ್ಲಿ ಮತ್ತೆ ಬುಟ್ಟಿ ತುಂಬಲು ಶುರುವಾಗುತ್ತದೆ.