ಎದುರುಗಾಳಿ ಇದ್ದರೆ ಗ್ಲೈಡರ್ ಎಷ್ಟು ಜೋರಾಗಿ ಹಾರಬೇಕು?

ಬೇಸಿಗೆ ಮಧ್ಯಾಹ್ನ ಕಲಬುರಗಿ ಸುತ್ತಲಿನ ಎರೆಹೊಲಗಳ ಮೇಲೆ ಹದ್ದು ಏರುವುದನ್ನು ನೋಡಿರುತ್ತೀರಿ. ರೆಕ್ಕೆ ಬಡಿಯುವುದಿಲ್ಲ, ಸುಮ್ನೆ ಸುತ್ತು ಹಾಕುತ್ತದೆ. ಸುತ್ತುತ್ತಲೇ ಗಾಳಿ ಹೋಗುವ ಕಡೆಗೆ ಸರಿಯುತ್ತದೆ. ಕಾದ ಕಪ್ಪು ನೆಲದಿಂದ ಎದ್ದ ಬಿಸಿಗಾಳಿಯೇ ಹಾಗೆ ಸರಿಯುತ್ತಿರುತ್ತದೆ. ಎಂಜಿನ್ ಇಲ್ಲದ ಗ್ಲೈಡರ್ ಏರುವುದೂ ಹೀಗೇ.

ಏರಿದ ಮೇಲೆ ಮುಂದಿನ ಬಿಸಿಗಾಳಿಯವರೆಗೆ ಎಷ್ಟು ವೇಗದಲ್ಲಿ ಹೋಗಬೇಕು? 1938ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಶ್ಪೇಟೆ ಇದನ್ನು ಮೊದಲೇ ಲೆಕ್ಕ ಹಾಕಿಕೊಂಡು ಹಾರಿ ಅಲ್ಲಿನ ರೋನ್ ಗ್ಲೈಡರ್ ಸ್ಪರ್ಧೆ ಗೆದ್ದರು. 1940ರ ದಶಕದ ಕೊನೆಗೆ ಅಮೆರಿಕದ ಪಾಲ್ ಮೆಕ್ರೆಡಿ ಆ ಲೆಕ್ಕವನ್ನು ಒಂದು ಬಳೆಗೆ ಇಳಿಸಿದರು. ಏರುವ, ಇಳಿಯುವ ವೇಗ ತೋರಿಸುವ ವೇರಿಯೋಮೀಟರ್ ಸುತ್ತ ಅದು ತಿರುಗುತ್ತದೆ. ಮುಂದೆ ಎಷ್ಟು ಜೋರಾಗಿ ಏರಬಹುದೆಂದು ಅಂದಾಜಿಸಿ ಬಳೆಯ ಬಾಣವನ್ನು ಅಲ್ಲಿಗೆ ಇಟ್ಟರಾಯಿತು. ಇಳಿಯುವಾಗ ಮುಳ್ಳು ಬಳೆಯ ಮೇಲೆ ಯಾವ ಅಂಕಿ ತೋರಿಸುತ್ತದೋ ಅದೇ ಹಾರಬೇಕಾದ ವೇಗ. 1956ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು.

ಆ ಬಳೆಯಲ್ಲಿ ಗಾಳಿಗೆ ಜಾಗವೇ ಇಲ್ಲ! ತಪ್ಪಲ್ಲ ಅದು. ಕೃಷ್ಣೆಯಲ್ಲಿ ತೇಲುವ ಎರಡು ಹರಿಗೋಲುಗಳನ್ನು ನೆನೆಯಿರಿ. ಹೊಳೆ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ. ಒಂದರಿಂದ ಇನ್ನೊಂದಕ್ಕೆ ಈಜುವವನಿಗೆ ಸೆಳವಿನ ಲೆಕ್ಕ ಬೇಡ. ಗ್ಲೈಡರ್, ಬಿಸಿಗಾಳಿ ಎರಡೂ ಹಾಗೆಯೇ ಗಾಳಿಯಲ್ಲಿ ತೇಲುತ್ತವೆ.

ಆದರೆ ದಡ ತೇಲುವುದಿಲ್ಲ, ಅಲ್ವಾ? ಶಹಾಬಾದ್ ಮೇಲೆ 1000 ಮೀಟರ್ ಎತ್ತರದಲ್ಲಿದ್ದೀರಿ, ಇನ್ನು ಎಲ್ಲೂ ಏರದೆ ಕಲಬುರಗಿ ಮುಟ್ಟಬೇಕು ಎಂದುಕೊಳ್ಳಿ. ನೇರ ದೂರ ಸುಮಾರು 25 ಕಿ.ಮೀ. ನಿಮ್ಮ ಗ್ಲೈಡರ್ ಗಂಟೆಗೆ 90 ಕಿ.ಮೀ. ವೇಗದಲ್ಲಿ, ಒಂದು ಮೀಟರ್ ಇಳಿಯುವಷ್ಟರಲ್ಲಿ 34 ಮೀಟರ್ ಸಾಗುತ್ತದೆ. ಗಾಳಿ ಇಲ್ಲದಿದ್ದರೆ ಊರು ದಾಟಿ ಹೋಗಬಹುದು. ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಸುಮಾರು 19 ಕಿ.ಮೀ.ಗೇ ನೆಲ ಮುಟ್ಟುತ್ತೀರಿ. ಗಾಳಿಯೇ 90 ಇದ್ದರೆ? ಯಾವುದೋ ತೊಗರಿ ಹೊಲದ ಮೇಲೆ ನಿಂತಲ್ಲೇ ನಿಂತು ನೆಟ್ಟಗೆ ಇಳಿಯುತ್ತೀರಿ. ಸ್ವಲ್ಪ ಜೋರಾಗಿ ಹಾರಿದರೆ ಜಾಸ್ತಿ ಇಳಿದರೂ ಮುಂದಾದರೂ ಹೋಗುತ್ತೀರಿ.

ಅದಕ್ಕೇ ಪೈಲಟ್‌ಗಳು ಕೊನೆಯ ಇಳಿತದಲ್ಲಿ ಎದುರುಗಾಳಿಯ ಅರ್ಧದಷ್ಟನ್ನು ವೇಗಕ್ಕೆ ಸೇರಿಸುತ್ತಾರೆ. 40ಕ್ಕೆ 20, ಅಂದರೆ 110. ಇದರಿಂದ ಸಿಗುವ ಲಾಭ ಚಿಕ್ಕದು, 25 ಕಿ.ಮೀ. ಆಗಲೂ ದಕ್ಕುವುದಿಲ್ಲ. ಹೊರಡುವ ಮೊದಲೇ ಎತ್ತರ ಇನ್ನಷ್ಟು ಗಳಿಸಿರಬೇಕು. ಬೆನ್ನ ಹಿಂದಿನಿಂದ ಗಾಳಿ ಬಂದರೆ ವೇಗವನ್ನು ಕೊಂಚ ತಗ್ಗಿಸಿ, ಗಾಳಿಗೆ ಒಯ್ಯಲು ಹೆಚ್ಚು ಹೊತ್ತು ಕೊಡುತ್ತಾರೆ.