ಗ್ಯಾಸ್ ಜೊತೆ ಗ್ಲೈಕಾಲ್ ಹೋಗ್ತಿದೆ, ಫಿಲ್ಟರ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮಲ್ಲಿ ನೈಸರ್ಗಿಕ ಅನಿಲದ ತೇವ ತೆಗೆಯಲು ಟಿಇಜಿ (ಟ್ರೈಎಥಿಲೀನ್ ಗ್ಲೈಕಾಲ್) ಬಳಸುತ್ತೇವೆ. ಟ್ಯಾಂಕಿಗೆ ಪದೇ ಪದೇ ಗ್ಲೈಕಾಲ್ ತುಂಬಬೇಕಾಗಿದೆ. ಮುಂದಿನ ಪೈಪಿನ ತಗ್ಗುಗಳಲ್ಲೂ ಅದೇ ನಿಂತಿರುತ್ತದೆ. ಗ್ಯಾಸಿಗೆ ಗ್ಲೈಕಾಲ್ ತಾಗಿಸುವ ಟವರ್ ದಾಟಿದ ಮೇಲೆ ಒಂದು ಒಳ್ಳೇ ಫಿಲ್ಟರ್ ಹಾಕಿದರೆ ಸಾಕಾ?

ಉತ್ತರ: ಗ್ಲೈಕಾಲ್ ಹನಿಯಾಗಿ ಹೋಗುತ್ತಿದ್ದರೆ ಸಾಕು. ನೊರೆ ಉಕ್ಕಿ ಹೋಗುತ್ತಿದ್ದರೆ ಅಥವಾ ಆವಿಯಾಗಿ ಹೋಗುತ್ತಿದ್ದರೆ ಆ ದುಡ್ಡು ದಂಡ.

ಸ್ವಲ್ಪ ಗ್ಲೈಕಾಲ್ ಹೋಗೇ ಹೋಗುತ್ತದೆ. ಚೆನ್ನಾಗಿ ನಡೆಯುವ ಟವರಿನಲ್ಲೂ 10 ಲಕ್ಷ ಘನ ಮೀಟರ್ ಗ್ಯಾಸಿಗೆ ಸುಮಾರು 13 ಲೀಟರ್ ಖರ್ಚಾಗುತ್ತದೆ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಮೊದಲು ಪಂಪಿನ ಸೀಲು, ರೀಬಾಯ್ಲರ್ (ಗ್ಲೈಕಾಲ್ ಕಾಯಿಸಿ ನೀರು ಬಿಡಿಸುವ ಪಾತ್ರೆ) ಮೇಲಿನ ಆವಿ ಕೊಳವೆ ನೋಡಿ. ಆ ಕೊಳವೆಯ ತುದಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಅದು ಜಾಸ್ತಿ ಬಿಸಿಯಾದರೆ ನೀರಿನ ಜೊತೆ ಗ್ಲೈಕಾಲೂ ಗಾಳಿಗೆ ಹೋಗುತ್ತದೆ. ಆಗ ಸುಮ್ನೆ ಟವರನ್ನು ಬೈದು ಉಪಯೋಗವಿಲ್ಲ.

ನನ್ನ ಪ್ರಕಾರ ಮೊದಲ ಅನುಮಾನ ನೊರೆಯ ಮೇಲಿರಬೇಕು. ಒಲೆ ಮೇಲಿಟ್ಟ ಹಾಲಿನ ಹಾಗೆ ಗ್ಲೈಕಾಲ್ ಟವರಿನೊಳಗೆ ಉಕ್ಕಿ, ಹನಿ ಹಿಡಿಯುವ ಮೇಲಿನ ಜಾಲರಿ ಪ್ಯಾಡನ್ನೇ ಮುಳುಗಿಸುತ್ತದೆ. ಟವರಿನ ಕೆಳಗೂ ಮೇಲಕ್ಕೂ ಇರುವ ಒತ್ತಡದ ವ್ಯತ್ಯಾಸ ಏರುತ್ತಾ ಇಳಿಯುತ್ತಾ ಕುಣಿಯತೊಡಗಿದರೆ ಅದೇ ಸುಳಿವು. ಗ್ಲೈಕಾಲನ್ನು ಬಾಟಲಿಯಲ್ಲಿ ಹಾಕಿ ಕುಲುಕಿ. ನೊರೆ ತಟ್ಟನೆ ಒಡೆಯದೆ ನಿಂತರೆ ಅದರಲ್ಲಿ ಕಸ ಸೇರಿದೆ ಎಂದರ್ಥ. ಕಂಪ್ರೆಸರ್ ಎಣ್ಣೆ, ಬಾವಿಯಿಂದ ಬಂದ ಕಂಡೆನ್ಸೇಟ್ (ಗ್ಯಾಸಿನ ಜೊತೆ ಬರುವ ಹಗುರ ಎಣ್ಣೆ), ಉಪ್ಪು, ತುಕ್ಕು ತಡೆಯುವ ರಾಸಾಯನಿಕ, ಯಾವುದೂ ಇರಬಹುದು. ಇವೆಲ್ಲ ಬರುವುದು ಟವರಿನ ಮುಂಚಿನ ಸೆಪರೇಟರ್ (ಗ್ಯಾಸಿನಿಂದ ದ್ರವ ಬೇರೆ ಮಾಡುವ ಪಾತ್ರೆ) ಸರಿಯಾಗಿ ಕೆಲಸ ಮಾಡದಾಗ. ರಿಪೇರಿ ಆಗಬೇಕಿರುವುದು ಅಲ್ಲಿ. ಗ್ಲೈಕಾಲ್ ಹರಿಯುವ ದಾರಿಯಲ್ಲಿ ಎಣ್ಣೆಗೆ ಇದ್ದಿಲಿನ ಫಿಲ್ಟರ್, ಪುಡಿಗೆ ಬಟ್ಟೆ ಫಿಲ್ಟರ್ ಬದಲಿಸಿ. ನೊರೆ ಇಳಿಸುವ ಔಷಧಿ ತಾತ್ಕಾಲಿಕ. ಅದನ್ನು ಜಾಸ್ತಿ ಸುರಿದರೆ ನೊರೆ ಇನ್ನೂ ಹೆಚ್ಚುತ್ತದೆ! ಟವರಿಗೆ ಹೋಗುವ ಗ್ಲೈಕಾಲ್ ಗ್ಯಾಸಿಗಿಂತ ಸುಮಾರು 5 ಡಿಗ್ರಿ ಬಿಸಿಯಾಗಿರಲಿ. ತಣ್ಣಗಿದ್ದರೆ ಗ್ಯಾಸಿನ ಭಾರವಾದ ಅಂಶಗಳು ಒಳಗೇ ಎಣ್ಣೆಯಾಗಿ ಇಳಿಯುತ್ತವೆ. ಆಮೇಲೆ ಮತ್ತೆ ಅದೇ ನೊರೆ.

ನೊರೆ ಇಲ್ಲದಿದ್ದರೂ ಹನಿ ಹೋಗಬಹುದು. ಬಾವಿ ಹಳೆಯದಾದಂತೆ ಒತ್ತಡ ಇಳಿಯುತ್ತದೆ, ಅಲ್ವಾ? 70 ಬಾರ್ ಇದ್ದದ್ದು 50ಕ್ಕೆ ಬಂದರೆ ಅಷ್ಟೇ ಗ್ಯಾಸ್ ಸುಮಾರು 40% ಹೆಚ್ಚು ಜಾಗ ಕೇಳುತ್ತದೆ. ಮೀಟರಿನಲ್ಲಿ ಲೆಕ್ಕ ಬದಲಾಗಿರುವುದಿಲ್ಲ, ಆದರೆ ಟವರಿನೊಳಗೆ ಗ್ಯಾಸಿನ ವೇಗ ಏರಿರುತ್ತದೆ. ಹನಿಗಳನ್ನು ಅದು ಎಳೆದುಕೊಂಡು ಹೋಗುತ್ತದೆ. ಜಾಲರಿ ಪ್ಯಾಡ್ ದೊಡ್ಡ ಹನಿ ಹಿಡಿಯುತ್ತದೆ. ಕೆಲವೇ ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ಮಂಜಿಗೆ, ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡಿ ಹಿಡಿಯುವ ಕೋಲೆಸರ್ ಫಿಲ್ಟರೇ ಬೇಕು. ನೀವು ಕೇಳಿದ ಫಿಲ್ಟರ್ ಇದೇ. ಅದನ್ನು ಹಾಕುವ ಮೊದಲು ಪ್ಯಾಡ್ ಹರಿದಿಲ್ಲ, ಜಾಗ ಬಿಟ್ಟು ಸರಿದಿಲ್ಲ ಎಂದು ನೋಡಿ.

ಆವಿಯಾಗಿ ಹೋದದ್ದನ್ನು ಯಾವ ಫಿಲ್ಟರೂ ಹಿಡಿಯದು. ಒಳಬರುವ ಗ್ಯಾಸ್ ಬಿಸಿಯಾದಷ್ಟೂ ಈ ನಷ್ಟ ಜಾಸ್ತಿ. ಗ್ಯಾಸನ್ನು ಮೊದಲೇ ತಣಿಸಿ. ಟವರ್ ಆದ ಮೇಲೆ ಕೂಲರ್ ಇದ್ದರೆ ಕೋಲೆಸರನ್ನು ಅದರ ಆಚೆ ಇಡಿ, ತಣಿದಾಗ ಇಳಿದ ಹನಿಯೂ ಅಲ್ಲೇ ಸಿಗುತ್ತದೆ. ಅದರ ತಳದಲ್ಲಿ ನಿಂತ ದ್ರವದಲ್ಲಿ ಎಣ್ಣೆ ತೇಲುತ್ತಿದ್ದರೆ ಮಾತ್ರ ಅದನ್ನು ಹಾಗೇ ಗ್ಲೈಕಾಲ್ ಟ್ಯಾಂಕಿಗೆ ಸುರಿಯಬೇಡಿ.